‘ಓಡ್ತಿಲ್ಲ’ ಅಂದರೆ ಸಾಲದು: ಪ್ರೋಗ್ರಾಮಿಂಗ್ ತೊಡಕಿಗೆ ನೆರವು ಕೇಳುವ ಬಗೆ

‘ನನ್ನ ಪ್ರೋಗ್ರಾಂ ಓಡ್ತಿಲ್ಲ, ಯಾರಾದ್ರೂ ಹೆಲ್ಪ್ ಮಾಡಿ.’ ಹೀಗೆ ಒಂದು ಸಾಲು ಬರೆದು ಕಾದರೆ ಉತ್ತರ ಸಿಗುವುದು ಅಪರೂಪ. ಬಲ್ಲವರಿಗೆ ಸೊಕ್ಕು ಅಂತಲ್ಲ. ಓಪನ್ ಸೋರ್ಸ್ ಕೂಟಗಳಲ್ಲಿ ಉತ್ತರಿಸುವವರು ಹೆಚ್ಚಾಗಿ ತಮ್ಮ ಬಿಡುವಿನಲ್ಲಿ, ಸಂಬಳವಿಲ್ಲದೆ ಕೂತವರು. ನಿಮ್ಮ ಸ್ಕ್ರೀನ್ ಅವರಿಗೆ ಕಾಣುವುದಿಲ್ಲ. ನಿಮ್ಮಲ್ಲಿ ಬಂದ ಎರರ್ ಅವರ ಕಂಪ್ಯೂಟರಿನಲ್ಲೂ ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಕೆಳಗಿನದ್ದೆಲ್ಲ ಅದಕ್ಕೆ ಬೇಕಾದ ತಯಾರಿ. (ಇಲ್ಲಿ ಕಮಾಂಡುಗಳನ್ನು ಓದುವ ಹಾಗೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಹಾಕಿ.)

ಮೊದಲು ಎರರ್ ಓದಿ

ಕೆಂಪಕ್ಷರ ಕಂಡೊಡನೆ ಕಿಟಕಿ ಮುಚ್ಚುವವರೇ ಬಹಳ. ಆದರೆ ಉತ್ತರ ಎಷ್ಟೋ ಸಲ ಅಲ್ಲೇ ಇರುತ್ತದೆ. ಎಲ್ಲಿಂದ ಓದಬೇಕು ಎಂಬುದು ಭಾಷೆಯಿಂದ ಭಾಷೆಗೆ ಬೇರೆ. ಪೈಥಾನ್‌ನಲ್ಲಿ ಕೊನೆಯ ಸಾಲಿನಿಂದ ಮೇಲಕ್ಕೆ ಹೋಗಿ: ಕೊನೆಯಲ್ಲಿ ಎರರ್‌ನ ಹೆಸರು, ಅದರ ಮೇಲೆ ಅದು ಹುಟ್ಟಿದ ಫೈಲು ಮತ್ತು ಲೈನ್ ನಂಬರ್. ಸಿ, ಸಿ++ ಕಂಪೈಲರುಗಳಲ್ಲಿ ಇದಕ್ಕೆ ತಿರುಗುಮುರುಗು. ಒಂದು ಸೆಮಿಕೋಲನ್ ಬಿಟ್ಟುಹೋದರೂ ಕಂಪೈಲರ್ ದಾರಿ ತಪ್ಪಿ ಮುಂದಿನ ನೆಟ್ಟಗಿನ ಸಾಲುಗಳನ್ನೂ ಬೈಯುತ್ತ ಹೋಗುತ್ತದೆ. ಅಲ್ಲಿ ಮೊದಲನೆಯದನ್ನಷ್ಟೇ ಸರಿಪಡಿಸಿ ಮತ್ತೆ ಕಂಪೈಲ್ ಮಾಡಿ. ನಲವತ್ತು ಎರರ್‌ಗಳು ಒಂದೇ ಏಟಿಗೆ ಮಾಯವಾದರೆ ಆಶ್ಚರ್ಯಪಡಬೇಡಿ.

ಒಂದು ಉದಾಹರಣೆ ಹಿಡಿದು ನೋಡೋಣ. 300 ಸಾಲಿನ ಪೈಥಾನ್ ಪ್ರೋಗ್ರಾಂ. ಕೆಲಸ, 2000 ಸಾಲುಗಳ ಸಿಎಸ್‌ವಿ ಫೈಲ್ (ಕೋಶಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿ) ಓದಿ ಅಂಕಗಳನ್ನು ಕೂಡಿ ಸರಾಸರಿ ತೆಗೆಯುವುದು. ನಡುವೆ ನಿಂತು ಹೀಗೆನ್ನುತ್ತದೆ:

ವ್ಯಾಲ್ಯೂಎರರ್: ಇನ್‌ವ್ಯಾಲಿಡ್ ಲಿಟರಲ್ ಫಾರ್ ಇಂಟ್() ವಿತ್ ಬೇಸ್ 10: ''

ಹೊಸಬರ ಕಣ್ಣು ‘ಬೇಸ್ 10’ ಎಂಬಲ್ಲೇ ಸಿಕ್ಕಿಕೊಳ್ಳುತ್ತದೆ. ನೋಡಬೇಕಾದದ್ದು ತುದಿಯಲ್ಲಿ ಒತ್ತೊತ್ತಾಗಿ ನಿಂತ ಎರಡು ಉದ್ಧರಣ ಚಿಹ್ನೆಗಳನ್ನು. ಸಂಖ್ಯೆಯಾಗಿ ಬದಲಿಸಲು ಕೊಟ್ಟ ಪಠ್ಯ ಯಾವುದೋ ಅದನ್ನೇ ಪೈಥಾನ್ ಅಲ್ಲಿ ತೋರಿಸುತ್ತದೆ. ಇಲ್ಲಿ ನಡುವೆ ಏನೂ ಇಲ್ಲ, ಅಂದರೆ ಯಾವುದೋ ಕೋಶ ಖಾಲಿ ಇದೆ. ಅದೇ ಜಾಗದಲ್ಲಿ '1,200' ಎಂದಿದ್ದರೆ ತಪ್ಪು ಅಲ್ಪವಿರಾಮದ್ದು, '45.0' ಎಂದಿದ್ದರೆ ದಶಮಾಂಶದ್ದು. (ಅಂದಹಾಗೆ '೪೫' ಎಂದು ಕನ್ನಡ ಅಂಕಿಯಲ್ಲೇ ಕೊಟ್ಟರೂ ಪೈಥಾನ್ 3 ಅದನ್ನು 45 ಎಂದು ಸರಿಯಾಗಿಯೇ ಓದುತ್ತದೆ.)

ಫೋಟೊ ಬೇಡ, ಪಠ್ಯ ಕೊಡಿ

ಮೊಬೈಲಿನಲ್ಲಿ ಸ್ಕ್ರೀನಿನ ಫೋಟೊ ಹೊಡೆದು ಹಾಕುವ ಚಾಳಿ ಬಿಡಿ. ಚಿತ್ರದಲ್ಲಿರುವ ಎರರನ್ನು ಕಾಪಿ ಮಾಡಿ ಹುಡುಕಲಾಗದು, ಕೋಡನ್ನು ತೆಗೆದು ಓಡಿಸಿ ನೋಡಲೂ ಆಗದು. ಟರ್ಮಿನಲ್‌ನಲ್ಲಿ ಬಂದದ್ದು ಉದ್ದವಿದ್ದರೆ ಫೈಲಿಗೆ ಹರಿಸಿ. ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಕಮಾಂಡ್ ಬರೆದಾದ ಮೇಲೆ > ಚಿಹ್ನೆ, ಫೈಲಿನ ಹೆಸರು ಹಾಕುತ್ತಾರೆ, ಎರರ್ ಸ್ಕ್ರೀನಿನ ಮೇಲೇ ಉಳಿದು ಫೈಲ್ ಖಾಲಿ ಬರುತ್ತದೆ. ಮಾಮೂಲಿ ಔಟ್‌ಪುಟ್ ಹೋಗುವುದು 1ನೇ ಹರಿವಿನಲ್ಲಿ, ಎರರ್ ಹೋಗುವುದು 2ನೆಯದರಲ್ಲಿ. ಫೈಲಿನ ಹೆಸರಾದ ಮೇಲೆ 2>&1 ಎಂದು ಸೇರಿಸಿದರೆ ಎರಡೂ ಒಂದೇ ಕಡೆ ಬೀಳುತ್ತವೆ. ಅದನ್ನು ಫೈಲಿನ ಹೆಸರಿಗಿಂತ ಮೊದಲು ಹಾಕಿದರೆ ಪ್ರಯೋಜನವಿಲ್ಲ.

ಲಿನಕ್ಸ್ ಸಿಸ್ಟಂ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಂಡಿದ್ದರೆ ಕೆಲವು ಎರರ್‌ಗಳೂ ಕನ್ನಡದಲ್ಲೇ ಬರುತ್ತವೆ. ಓದಲು ಹಿತ, ಹುಡುಕಿದರೆ ಮಾತ್ರ ಏನೂ ಸಿಗದು. ಕಮಾಂಡಿಗಿಂತ ಮೊದಲು ಎಲ್‌ಸಿ_ಆಲ್=ಸಿ ಎಂದು ಸೇರಿಸಿ (ಇದೊಂದು ಮಾತ್ರ ದೊಡ್ಡಕ್ಷರದಲ್ಲಿ) ಓಡಿಸಿದರೆ ಆ ಒಂದು ಸಲಕ್ಕೆ ಇಂಗ್ಲಿಷ್ ಸಂದೇಶ ಸಿಗುತ್ತದೆ.

ಯಾವ ಆವೃತ್ತಿ, ಎಲ್ಲಿಂದ ಬಂದದ್ದು

ಆಪರೇಟಿಂಗ್ ಸಿಸ್ಟಂ ಯಾವುದು, ತಂತ್ರಾಂಶದ ವರ್ಷನ್ ಎಷ್ಟು ಎಂಬುದನ್ನು ಬರೆಯಿರಿ. ‘ಲೇಟೆಸ್ಟ್’ ಅಂದರೆ ಏನೂ ಹೇಳಿದಂತಲ್ಲ, ಮುಂದಿನ ತಿಂಗಳು ಅದು ಬೇರೆಯಾಗಿರುತ್ತದೆ. ಬಹುಪಾಲು ಪ್ರೋಗ್ರಾಂಗಳು --ವರ್ಷನ್ ಎಂದು ಕೇಳಿದರೆ ಹೇಳುತ್ತವೆ. ತಂತ್ರಾಂಶ ಹೇಗೆ ಇನ್‌ಸ್ಟಾಲ್ ಆಯಿತು ಎಂಬುದೂ ಅಷ್ಟೇ ಮುಖ್ಯ: ಡಿಸ್ಟ್ರೊ (ಡೆಬಿಯನ್‌ನಂಥ ಲಿನಕ್ಸ್ ವಿತರಣೆ) ಪ್ಯಾಕೇಜಿನಿಂದಲೋ, ಪಿಪ್‌ನಿಂದಲೋ (ಪೈಥಾನ್ ಪ್ಯಾಕೇಜುಗಳನ್ನು ತುಂಬುವ ಸಾಧನ), ಫ್ಲಾಟ್‌ಪ್ಯಾಕ್‌ನಿಂದಲೋ, ಸೋರ್ಸ್‌ನಿಂದ ಕಟ್ಟಿಕೊಂಡದ್ದೋ.

‘ಇನ್‌ಸ್ಟಾಲ್ ಮಾಡಿದ್ದೇನೆ, ಆದರೂ ಮಾಡ್ಯೂಲ್‌ನಾಟ್‌ಫೌಂಡ್‌ಎರರ್’ (ಬೇಕಾದ ಮಾಡ್ಯೂಲ್, ಅಂದರೆ ಸಿದ್ಧ ಕೋಡಿನ ಫೈಲು, ಸಿಗಲಿಲ್ಲ) ಎಂಬ ಪ್ರಶ್ನೆಯ ಮೂಲ ಹೆಚ್ಚಾಗಿ ಇಲ್ಲೇ. ಒಂದೇ ಯಂತ್ರದಲ್ಲಿ ಎರಡು ಪೈಥಾನ್ ಇರುತ್ತವೆ. ಪಿಪ್ ಒಂದಕ್ಕೆ ತುಂಬುತ್ತದೆ, ನೀವು ಓಡಿಸುವುದು ಇನ್ನೊಂದನ್ನು. ಬರೀ ಪಿಪ್ ಬದಲು ‘ಪೈಥಾನ್3 -ಎಂ ಪಿಪ್ ಇನ್‌ಸ್ಟಾಲ್’ ಎಂದು ಬಳಸಿ, ಅದೇ ಪೈಥಾನ್3 ಹೆಸರಿನಲ್ಲೇ ಪ್ರೋಗ್ರಾಂ ಓಡಿಸಿದರೆ ಈ ಗೊಂದಲ ಇರದು. 2023ರಲ್ಲಿ ಬಂದ ಡೆಬಿಯನ್ 12ರಿಂದೀಚೆಗೆ ಪಿಪ್ ನೇರವಾಗಿ ಸಿಸ್ಟಂ ಪೈಥಾನ್‌ಗೆ ತುಂಬಲು ಒಪ್ಪದೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್ಮೆಂಟ್’ ಎನ್ನುತ್ತದೆ. ಅದು ಅಡ್ಡಿಯಲ್ಲ, ಕಾವಲು. ‘ಪೈಥಾನ್3 -ಎಂ ವೆನ್ವ್’ ಆದಮೇಲೆ ಒಂದು ಫೋಲ್ಡರಿನ ಹೆಸರು ಕೊಟ್ಟು ಬೇರೆ ಪರಿಸರ ಮಾಡಿಕೊಂಡು ಅಲ್ಲಿ ಇನ್‌ಸ್ಟಾಲ್ ಮಾಡಿ. ಎರರ್ ಸಂದೇಶದಲ್ಲೇ ಕಾಣುವ ‘ಬ್ರೇಕ್ ಸಿಸ್ಟಂ ಪ್ಯಾಕೇಜಸ್’ ಆಯ್ಕೆಯ ಹೆಸರೇ ಅದರ ಪರಿಣಾಮವನ್ನೂ ಹೇಳುತ್ತದೆ.

ಇನ್ನೊಂದು ಹಳೇ ಬಲೆ: ರ್‍ಯಾಂಡಮ್ ಮಾಡ್ಯೂಲ್ ಕಲಿಯುವಾಗ ನಿಮ್ಮ ಫೈಲಿಗೂ ರ್‍ಯಾಂಡಮ್.ಪಿವೈ ಎಂದೇ ಹೆಸರಿಡುವುದು. ಪೈಥಾನ್ ಮೊದಲು ಹುಡುಕುವುದು ನಿಮ್ಮ ಸ್ಕ್ರಿಪ್ಟ್ ಇರುವ ಫೋಲ್ಡರಿನಲ್ಲಿ. ಹಾಗಾಗಿ ಅಸಲಿ ಮಾಡ್ಯೂಲಿನ ಬದಲು ನಿಮ್ಮ ಫೈಲನ್ನೇ ಎಳೆದುಕೊಂಡು, ಅದರಲ್ಲಿ ರ್‍ಯಾಂಡ್‌ಇಂಟ್ ಇಲ್ಲ ಎಂದು ದೂರುತ್ತದೆ.

ಸಮಸ್ಯೆಯನ್ನು ಕಿರಿದು ಮಾಡಿ

ಇಡೀ ಲೇಖನದಲ್ಲಿ ಒಂದೇ ಹಂತ ಪಾಲಿಸುವುದಾದರೆ ಇದನ್ನು ಪಾಲಿಸಿ. 300 ಸಾಲಿನ ಕೋಡನ್ನು ಯಾರೂ ಓದುವುದಿಲ್ಲ. ಪ್ರಾಜೆಕ್ಟಿನ ನಕಲನ್ನು ಬೇರೆ ಫೋಲ್ಡರಿಗೆ ಹಾಕಿ, ಅಲ್ಲಿ ನಿರ್ದಾಕ್ಷಿಣ್ಯವಾಗಿ ಅಳಿಸುತ್ತ ಬನ್ನಿ. ನಮ್ಮ ಉದಾಹರಣೆಯಲ್ಲಿ ಮೊದಲು ಡೇಟಾವನ್ನು ಅರ್ಧ ಮಾಡಿ: ಮೊದಲ 1000 ಸಾಲು ಮಾತ್ರ ಕೊಟ್ಟಾಗ ಎರರ್ ಬಂತೇ? ಬಂದರೆ ಅದರಲ್ಲೇ ಮತ್ತೆ ಅರ್ಧ. ಬರದಿದ್ದರೆ ಉಳಿದ ಅರ್ಧ. 2000 ಸಾಲುಗಳಲ್ಲಿ ಒಂದನ್ನು ಹಿಡಿಯಲು ಹೆಚ್ಚೆಂದರೆ 11 ಸಲ ಸಾಕು. ಆ ಸಾಲು ಸಿಕ್ಕ ಮೇಲೆ ಕೋಡಿಗೆ ಬನ್ನಿ. ಗ್ರಾಫ್ ಬಿಡಿಸುವ ಭಾಗ, ವರದಿ ಅಚ್ಚು ಹಾಕುವ ಭಾಗ, ಮೆನು, ಎಲ್ಲ ತೆಗೆಯಿರಿ. ಪ್ರತಿ ಸಲ ಓಡಿಸಿ ಅದೇ ಎರರ್ ಬರುತ್ತಿದೆಯೇ ನೋಡಿ. ಕೊನೆಗೆ ಉಳಿಯುವುದು ಸಿಎಸ್‌ವಿ ಓದುವ ಐದು ಸಾಲು ಕೋಡ್ ಮತ್ತು ಒಂದು ಸಾಲು ಡೇಟಾ. ಎಷ್ಟೋ ಸಲ ಇಷ್ಟರಲ್ಲೇ ತಪ್ಪು ಕಣ್ಣಿಗೆ ಬಿದ್ದು ಪ್ರಶ್ನೆಯೇ ಬೇಡವಾಗುತ್ತದೆ.

‘ನಿನ್ನೆ ಓಡ್ತಿತ್ತು, ಇವತ್ತು ಇಲ್ಲ’ ಎಂಬ ರೋಗಕ್ಕೂ ಮದ್ದು ಇದೇ. ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ‘ಗಿಟ್ ಬೈಸೆಕ್ಟ್’ ಇದೇ ಅರ್ಧಿಸುವ ಲೆಕ್ಕವನ್ನು ಕಮಿಟ್‌ಗಳ (ದಾಖಲಾದ ಬದಲಾವಣೆಗಳ) ಮೇಲೆ ನಡೆಸುತ್ತದೆ. ಸಾವಿರ ಕಮಿಟ್‌ಗಳಿದ್ದರೂ ಸುಮಾರು 10 ಪರೀಕ್ಷೆಗಳಲ್ಲಿ ಕೆಡಿಸಿದ ಬದಲಾವಣೆ ಸಿಗುತ್ತದೆ.

ಈಗ ಬರೆಯಿರಿ

ತಲೆಬರಹದಲ್ಲಿ ‘ಅರ್ಜೆಂಟ್’ ಬೇಡ, ವಿಷಯ ಹಾಕಿ. ಹೀಗೆ:

‘ಸಿಎಸ್‌ವಿಯಲ್ಲಿ ಕೋಶ ಖಾಲಿ ಇದ್ದರೆ ಇಂಟ್() ವ್ಯಾಲ್ಯೂಎರರ್ ಕೊಡುತ್ತದೆ. ಪೈಥಾನ್ 3.11, ಡೆಬಿಯನ್ 12. ಕೋಡ್ (5 ಸಾಲು) ಮತ್ತು ಡೇಟಾ (1 ಸಾಲು) ಕೆಳಗಿದೆ. ಗೈರುಹಾಜರಾದವರ ಕೋಶ ಖಾಲಿ ಬಿಟ್ಟಿರುತ್ತದೆ. ಸರಾಸರಿಯಲ್ಲಿ ಅವರನ್ನು ಎಣಿಸಬಾರದು. ಖಾಲಿ ಇದ್ದಲ್ಲಿ 0 ತುಂಬಿ ನೋಡಿದೆ, ಸರಾಸರಿ ಇಳಿಯುತ್ತದೆ.’

ಕೊನೆಯ ಎರಡು ವಾಕ್ಯಗಳಿಲ್ಲದಿದ್ದರೆ ಯಾರೋ ಒಬ್ಬರು ‘0 ಹಾಕಿ’ ಎಂದು ಹೇಳಿ ಹೋಗುತ್ತಿದ್ದರು, ಎರರ್ ನಿಲ್ಲುತ್ತಿತ್ತು, ಲೆಕ್ಕ ತಪ್ಪುತ್ತಿತ್ತು. ನಿಮಗೆ ಕಡೆಗೆ ಏನು ಆಗಬೇಕು ಎಂದು ಹೇಳಲೇಬೇಕು. ನೀವೇ ಊಹಿಸಿಕೊಂಡ ದಾರಿಯ ನಡುವಿನ ಒಂದು ಮೆಟ್ಟಿಲಿನ ಬಗ್ಗೆ ಮಾತ್ರ ಕೇಳಿದರೆ ಆ ಮೆಟ್ಟಿಲಿಗಷ್ಟೇ ಉತ್ತರ ಸಿಗುತ್ತದೆ.

ಕೋಡಿನ ಮೇಲೂ ಕೆಳಗೂ ಮೂರು ಬ್ಯಾಕ್‌ಟಿಕ್ (`) ಚಿಹ್ನೆಗಳ ಸಾಲು ಹಾಕಿ. ಇಲ್ಲವಾದರೆ ಇಂಡೆಂಟೇಶನ್ (ಸಾಲಿನ ಮೊದಲಿಗೆ ಬಿಡುವ ಜಾಗ) ಕಳೆದುಹೋಗುತ್ತದೆ, ಪೈಥಾನ್‌ನಲ್ಲಿ ಅದು ಹೋದರೆ ಅರ್ಥವೇ ಹೋಯಿತು. ವರ್ಡ್ ಪ್ರೊಸೆಸರಿನ ಮೂಲಕ ದಾಟಿಸಬೇಡಿ: ನೆಟ್ಟಗಿನ ಉದ್ಧರಣ ಚಿಹ್ನೆಗಳು ಅಲ್ಲಿ ಬಾಗಿ ಸಿಂಟ್ಯಾಕ್ಸ್‌ಎರರ್ ಹುಟ್ಟಿಸುತ್ತವೆ. ಪಾಸ್‌ವರ್ಡ್, ಎಪಿಐ ಕೀ (ಆನ್‌ಲೈನ್ ಸೇವೆ ಬಳಸಲು ಪ್ರೋಗ್ರಾಮಿಗೆ ಕೊಡುವ ಗುಟ್ಟಿನ ಸಂಕೇತ), ಬೇರೆಯವರ ಹೆಸರು ಇದ್ದರೆ ತೆಗೆಯಿರಿ. ಕೀ ಒಮ್ಮೆ ಹೊರಗೆ ಬಿದ್ದರೆ ಅಳಿಸಿ ಸುಮ್ಮನಾಗಬೇಡಿ, ರದ್ದು ಮಾಡಿ ಹೊಸದು ಪಡೆಯಿರಿ. ಗಿಟ್‌ನ ಹಳೆಯ ಕಮಿಟ್‌ಗಳಲ್ಲಿ ಅದು ಹಾಗೇ ಕೂತಿರುತ್ತದೆ.

ಎಲ್ಲಿ ಕೇಳುವುದು

ಡಿಸ್ಟ್ರೊ ಪ್ಯಾಕೇಜಿನಿಂದ ಬಂದ ತಂತ್ರಾಂಶವಾದರೆ ಮೊದಲು ಡಿಸ್ಟ್ರೊದವರಲ್ಲಿ ಕೇಳಿ. ಅವರು ತಮ್ಮ ತೇಪೆ ಹಾಕಿರಬಹುದು, ಮೂಲ ಕರ್ತೃಗಳಿಗೆ ಅದು ಗೊತ್ತಿರದು. ಬಗ್ ಟ್ರ್ಯಾಕರ್ ಇರುವುದು ತಂತ್ರಾಂಶದ ದೋಷಕ್ಕೆ, ‘ಇದನ್ನು ಹೇಗೆ ಮಾಡುವುದು’ ಎಂಬುದಕ್ಕಲ್ಲ. ಭದ್ರತಾ ಲೋಪ ಕಂಡರೆ ಅಲ್ಲೂ ಬೇಡ: ಪ್ರಾಜೆಕ್ಟಿನ ಸೆಕ್ಯೂರಿಟಿ ಎಂಬ ಫೈಲಿನಲ್ಲಿ ಖಾಸಗಿಯಾಗಿ ತಿಳಿಸುವ ದಾರಿ ಸಾಮಾನ್ಯವಾಗಿ ಇರುತ್ತದೆ. 2021ರಲ್ಲಿ ಶುರುವಾದ ಲಿಬೆರಾ ಚಾಟ್‌ನಂಥ ಐಆರ್‌ಸಿ (ಪಠ್ಯದಲ್ಲಿ ಹರಟುವ ಹಳೆಯ ವ್ಯವಸ್ಥೆ) ಜಾಲಗಳಲ್ಲಿ ‘ಒಂದು ಪ್ರಶ್ನೆ ಕೇಳಲಾ?’ ಎಂದು ಕಾಯಬೇಡಿ, ನೇರ ಕೇಳಿ, ಹೊರಟುಹೋಗದೆ ಕಿಟಕಿ ತೆರೆದಿಡಿ. ಉತ್ತರ ಗಂಟೆ ಬಿಟ್ಟು ಬರಬಹುದು.

ಉತ್ತರ ಬಂದ ಮೇಲೆ

ಬಂದ ಕಮಾಂಡನ್ನು ಓದದೆ ಎಂಟರ್ ಒತ್ತಬೇಡಿ. ‘ಸುಡೊ’ (ಇಡೀ ಸಿಸ್ಟಂ ಮೇಲಿನ ಅಧಿಕಾರ ಕೊಡುವ ಕಮಾಂಡ್) ಇದ್ದರಂತೂ ‘ಮ್ಯಾನ್’ (ಕೈಪಿಡಿ ತೋರಿಸುವ ಕಮಾಂಡ್) ಹಾಕಿ ಪ್ರತಿ ಆಯ್ಕೆಯ ಅರ್ಥ ನೋಡಿಕೊಳ್ಳಿ. ‘ಆರ್‌ಎಂ -ಆರ್‌ಎಫ್’ ಅಳಿಸಿದ್ದು ಕಸದ ಬುಟ್ಟಿಗೆ ಹೋಗುವುದಿಲ್ಲ, ಹೋದದ್ದು ಹೋಯಿತು. ಎಐ ಚಾಟ್‌ಬಾಟ್ ಹೇಳಿದ ಪ್ಯಾಕೇಜ್ ನಿಜಕ್ಕೂ ಇದೆಯೇ, ಯಾರದ್ದು, ಎಂದಿನದ್ದು ಎಂದು ನೋಡಿಯೇ ಇನ್‌ಸ್ಟಾಲ್ ಮಾಡಿ. ಇಲ್ಲದ ಹೆಸರನ್ನು ಅವು ಹೊಸೆದು ಕೊಡುವುದುಂಟು, ಆ ಹೆಸರಿನಲ್ಲಿ ಕೆಟ್ಟ ಕೋಡ್ ಇಟ್ಟು ಕಾಯುವವರೂ ಇರಬಹುದು.

ಪರಿಹಾರ ಫಲಿಸಿದರೆ ‘ಸರಿಹೋಯ್ತು’ ಎಂದಷ್ಟೇ ಬರೆದು ಹೋಗಬೇಡಿ. ಯಾವ ಸಾಲು ಬದಲಿಸಿದಿರಿ ಎಂದು ಹಾಕಿ: ‘ಕೋಶ ಖಾಲಿ ಇದ್ದರೆ ಕಂಟಿನ್ಯೂ ಹಾಕಿ ಆ ಸಾಲು ಬಿಟ್ಟೆ, ಭಾಗಿಸುವಾಗ ಹಾಜರಾದವರ ಸಂಖ್ಯೆಯನ್ನಷ್ಟೇ ಬಳಸಿದೆ.’ ಮುಂದಿನ ವರ್ಷ ಇದೇ ಎರರ್ ಹಿಡಿದು ಹುಡುಕುತ್ತ ಬರುವವರಿಗೆ ಬೇಕಾಗುವುದು ಆ ಸಾಲು.