ನೋವು ಮೊಣಕಾಲಿಗೆ, ಎಕ್ಸ್‌ರೇ ಸೊಂಟಕ್ಕೆ

"ಮೊಣಕಾಲ ಬ್ಯಾನಿ ಅದರಿ, ಕುಂಟ್ಕೊಂತ ನಡೀತಾನ" ಅಂತ ಹನ್ನೆರಡು ವರ್ಷದ ಮಗನನ್ನು ಕರೆತಂದರೆ ಎಷ್ಟೋ ಸಲ ಮೊಣಕಾಲಿನದೇ ಎಕ್ಸ್‌ರೇ ಆಗುತ್ತದೆ. ಅದರಲ್ಲಿ ಏನೂ ಕಾಣುವುದಿಲ್ಲ. ಮುಲಾಮು, ಗುಳಿಗೆ ಕೊಟ್ಟು ಕಳಿಸುತ್ತಾರೆ. ಆದರೆ ತೊಂದರೆ ಸೊಂಟದ ಕೀಲಿನಲ್ಲಿ ಇರಬಹುದು. ತೊಡೆ ಎಲುಬಿನ ಗುಂಡನೆಯ ತಲೆಗೂ ಅದರ ಕುತ್ತಿಗೆಗೂ ನಡುವೆ ಬೆಳೆಯುವ ವಯಸ್ಸಿನಲ್ಲಿ ಮೃದ್ವಸ್ಥಿಯ (ಮೆತ್ತನೆ ಎಲುಬಿನ) ಪದರ ಇರುತ್ತದೆ. ಅದು ಭಾರ ತಾಳದಿದ್ದರೆ ಕುತ್ತಿಗೆ ಮುಂದಕ್ಕೆ ಸರಿದು ತಲೆ ಹಿಂದೆ ಉಳಿಯುತ್ತದೆ. ತೊಡೆ ಎಲುಬಿನ ತಲೆ ಹೀಗೆ ಜಾರುವುದಕ್ಕೆ ವೈದ್ಯರು ಎಸ್‌ಸಿಎಫ್‌ಇ (SCFE) ಎನ್ನುತ್ತಾರೆ. ಸೊಂಟಕ್ಕೂ ಮೊಣಕಾಲಿಗೂ ಒಂದೇ ನರದ ಕವಲು ಹೋಗುವುದರಿಂದ ನೋವು ಕೆಳಗೆ ಕಾಣಿಸಿಕೊಳ್ಳುತ್ತದೆ.

ಹೆಚ್ಚಾಗಿ 9ರಿಂದ 16 ವರ್ಷದ, ಮೈತೂಕ ಜಾಸ್ತಿ ಇರುವ ಮಕ್ಕಳಲ್ಲಿ ಇದು ಬರುತ್ತದೆ. ಹತ್ತರೊಳಗಿನ ಅಥವಾ ತೆಳ್ಳಗಿನ ಮಗುವಿಗೆ ಬಂದರೆ ಥೈರಾಯ್ಡ್, ಮೂತ್ರಪಿಂಡಗಳನ್ನೂ ಪರೀಕ್ಷಿಸಬೇಕು.

ಮೊದಲು ನಡಿಗೆ ನೋಡಿ: ಪಾದ ಹೊರಕ್ಕೆ ತಿರುಗಿದೆಯೇ? ಆಮೇಲೆ ಅಂಗಾತ ಮಲಗಿಸಿ ಮೊಣಕಾಲನ್ನು ಮೆಲ್ಲಗೆ ಎದೆಯತ್ತ ಮಡಚಿ. ಕಾಲು ನೆಟ್ಟಗೆ ಬರದೆ ತಾನಾಗಿ ಹೊರಕ್ಕೆ ವಾಲಿದರೆ ಅನುಮಾನ ಗಟ್ಟಿ. ಕೋಲು ಹಿಡಿದರೂ ಕಾಲೂರಲಾಗದ ಮಗುವಿಗೆ ಈ ಪರೀಕ್ಷೆಯೇ ಬೇಡ. ಅದು ತುರ್ತು, ಎಲುಬಿನ ತಲೆಗೆ ರಕ್ತ ಹರಿಯುವುದು ನಿಂತು ಎಲುಬಿನ ಆ ಭಾಗ ಸಾಯುವ ಅಪಾಯವಿದೆ. ಎಲುಬು ಕೂಡಿಸುವವರ ಬಳಿ ಎಣ್ಣೆ ಹಚ್ಚಿ ಎಳೆಸುವ ರೂಢಿ ನಮ್ಮ ಕಡೆ ಇನ್ನೂ ಇದೆ. ಇಲ್ಲಿ ಮಾತ್ರ ದಯವಿಟ್ಟು ಬೇಡ.

ಅನುಮಾನ ಬಂದ ಕ್ಷಣದಿಂದ ಮಗು ಆ ಕಾಲಿನ ಮೇಲೆ ಭಾರ ಹಾಕಬಾರದು. ಚಿಂಚೋಳಿಯಿಂದಲೋ ಸುರಪುರದಿಂದಲೋ ಬೈಕಿನ ಮೇಲೆ ಕೂರಿಸಿ ತರಬೇಡಿ, ಗಾಡಿಯಲ್ಲಿ ಮಲಗಿಸಿ ತನ್ನಿ. ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್‌ನಂಥ ಆಸ್ಪತ್ರೆಯ ಎಲುಬು-ಕೀಲು ವಿಭಾಗಕ್ಕೆ ನೇರವಾಗಿ ಹೋಗಿ. ಬಿಪಿಎಲ್ ಕಾರ್ಡು, ಆಧಾರ್ ಜೊತೆಗಿರಲಿ.

ಎರಡೂ ಸೊಂಟದ ಎಕ್ಸ್‌ರೇ ಬೇಕು, ಮುಂದಿನಿಂದ ಒಂದು, ಪಕ್ಕದಿಂದ ಒಂದು. ಶುರುವಿನ ಜಾರುವಿಕೆ ಪಕ್ಕದ ಚಿತ್ರದಲ್ಲೇ ಚೆನ್ನಾಗಿ ಕಾಣುವುದು. ಮುಂದಿನಿಂದ ತೆಗೆದ ಚಿತ್ರದಲ್ಲಿ ಕುತ್ತಿಗೆಯ ಮೇಲಂಚಿಗೆ ಗೆರೆ ಎಳೆದರೆ ಅದು ತಲೆಯ ಒಂದು ತುಣುಕನ್ನು ಕತ್ತರಿಸಿ ಹೋಗಬೇಕು. ಮುಟ್ಟದೆ ಹೋದರೆ ಜಾರಿದೆ ಎಂದರ್ಥ.

ಗೊತ್ತಾದ ದಿನವೇ ದಾಖಲು ಮಾಡಿಕೊಳ್ಳುತ್ತಾರೆ. ಆಪರೇಷನ್ ನಡೆಯುವಾಗಲೇ ಎಕ್ಸ್‌ರೇ ತೋರಿಸುವ ಸಿ-ಆರ್ಮ್ ಯಂತ್ರದಲ್ಲಿ ನೋಡುತ್ತಾ, ಸಣ್ಣ ಗಾಯದ ಮೂಲಕ ಸಾಮಾನ್ಯವಾಗಿ ಒಂದೇ ಸ್ಕ್ರೂ ಕೂರಿಸುತ್ತಾರೆ. "ಮೊದಲಿನ ಜಾಗಕ್ಕೆ ತಳ್ಳಲಿಲ್ಲವಲ್ಲ" ಎಂದು ಕೇಳುವವರಿದ್ದಾರೆ. ಬಲವಂತವಾಗಿ ತಳ್ಳಿದರೆ ರಕ್ತನಾಳಕ್ಕೆ ಪೆಟ್ಟಾಗುತ್ತದೆ. ಇನ್ನಷ್ಟು ಜಾರದಂತೆ ಹಿಡಿದಿಡುವುದೇ ಸ್ಕ್ರೂ ಕೆಲಸ. ಆಮೇಲೆ ಕೆಲವು ವಾರ ಊರುಗೋಲು. ಓಟ, ಕಬಡ್ಡಿ ವೈದ್ಯರು ಹೂಂ ಅಂದ ಮೇಲೆಯೇ.

ಹಲವು ಮಕ್ಕಳಲ್ಲಿ ಇನ್ನೊಂದು ಸೊಂಟವೂ ಮುಂದೆ ಜಾರುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಮುಂದಿನ ಎಕ್ಸ್‌ರೇ ತಾರೀಖು ಬರೆಸಿಕೊಳ್ಳಿ. ಅಷ್ಟರೊಳಗೆ ಆ ಕಡೆಯ ಮೊಣಕಾಲು ನೋವು ಅಂದರೂ ತಾರೀಖಿಗೆ ಕಾಯದೆ ಹೊರಡಿ.