ಅಸುರರೂ ಅನ್ಯಗ್ರಹದವರೂ: ಸ್ನೇಹದ ಕದನಕ್ಕೆ ಮೈದಾನ ಕಟ್ಟುವ ಬಗೆ

ಗೊಂಬೆ ಸೈನ್ಯಗಳನ್ನು ಮೇಜಿನ ಮೇಲೆ ಹೂಡಿ ದಾಳ ಎಸೆದು ಆಡುವ ವಾರ್‌ಹ್ಯಾಮರ್ 40,000 ಆಟದಲ್ಲಿ ಕೇಯಾಸ್ ಡೀಮನ್ಸ್ ಎಂಬ ಅಸುರ ಪಡೆಗೂ ಟಿರಾನಿಡ್ಸ್ ಎಂಬ ಅನ್ಯಗ್ರಹದ ಸೈನ್ಯಕ್ಕೂ ಬೀಳುವ ಕದನ ಬಹಳ ಸೊಗಸು. ಒಂದು ಪಡೆ ಗಾಳಿಯಿಂದ ಇಳಿದು ಮೈಮೇಲೆ ಬೀಳುತ್ತದೆ, ಇನ್ನೊಂದು ದಂಡುಗಟ್ಟಿ ಗುಂಡಿನ ಮಳೆ ಸುರಿಸುತ್ತದೆ. ಸ್ವಭಾವ ಇಷ್ಟು ಬೇರೆಯಾದ್ದರಿಂದ ಮೈದಾನ ಸರಿಯಾಗಿ ಹೂಡದಿದ್ದರೆ ಎರಡನೇ ಸುತ್ತಿಗೇ ಒಬ್ಬರ ಆಟ ಮುಗಿದುಹೋಗುತ್ತದೆ. ಇಲ್ಲಿ ಹೇಳಿರುವ ನಿಯಮಗಳು 2023ರಲ್ಲಿ ಬಂದ 10ನೇ ಆವೃತ್ತಿಯವು. ತಲಾ 1000 ಪಾಯಿಂಟ್ (ಗೊಂಬೆಗಳ ಬಲಕ್ಕೆ ಆಟ ಕಟ್ಟಿದ ಬೆಲೆ) ಪಡೆ ಸಾಕು, ಎರಡೂವರೆ ಗಂಟೆಯಲ್ಲಿ ಆಟ ಮುಗಿಯುತ್ತದೆ.

ಹಲಗೆ ಮತ್ತು ಹಾಳು ಕೋಟೆ

ಮೈದಾನದ ಅಳತೆ 60×44 ಇಂಚು. ಎಂಟಡಿ-ನಾಲ್ಕಡಿಯ ಪ್ಲೈವುಡ್ ಹಾಳೆಯನ್ನು ಅಂಗಡಿಯಲ್ಲೇ 60 ಇಂಚಿಗೆ ಕೊಯ್ಯಿಸಿ. ಅಗಲ 48 ಇಂಚು ಇರುವುದರಿಂದ ಒಂದು ಅಂಚಿನಲ್ಲಿ 4 ಇಂಚು ಉಳಿಯುತ್ತದೆ; ದಾಳ, ಟೇಪು, ಸತ್ತ ಸೈನಿಕರಿಗೆ ಅದೇ ಜಾಗ. ತೆಳು ಹಾಳೆ ನಮ್ಮ ಕಲಬುರಗಿ ಕಡೆಯ ಬಿಸಿಲಿಗೆ ಬಾಗುತ್ತದೆ, ಹಾಗಾಗಿ 12 ಮಿ.ಮೀ. ದಪ್ಪದ್ದೇ ಇರಲಿ. ಇಷ್ಟು ದೊಡ್ಡ ಮೇಜಿಲ್ಲದಿದ್ದರೆ ಶಹಾಬಾದ್ ಫರಸಿಯ ನೆಲದ ಮೇಲೇ ಹಾಸಿ. ಮಟ್ಟಸವಾಗಿರುತ್ತದೆ, ಬೇಸಿಗೆಯಲ್ಲಿ ತಂಪು ಕೂಡ.

ಗೋಡೆಗಳಿಗೆ ಎರಡಿಂಚು ದಪ್ಪದ ಥರ್ಮಾಕೋಲ್. ಐದಿಂಚು ಎತ್ತರಕ್ಕೆ ಕತ್ತರಿಸಿ, ಮೇಲಂಚನ್ನು ಕೈಯಿಂದ ಮುರಿಯಿರಿ. ಚಾಕುವಿನಿಂದ ಕೊಯ್ದರೆ ಹಾಳು ಗೋಡೆಯ ಕಳೆ ಬರುವುದಿಲ್ಲ. ಕಲಬುರಗಿ ಕೋಟೆಯ ದುಂಡನೆಯ ಬುರುಜು ಬೇಕೆಂದರೆ ಹಾಲಿನ ಪುಡಿಯ ಡಬ್ಬಿಗೆ ಥರ್ಮಾಕೋಲ್ ಚೂರು ಅಂಟಿಸಿದರಾಯಿತು. ಹೊಸಬರು ಕೆಡುವುದು ಇದರ ನಂತರ. ಸ್ಪ್ರೇ ಬಣ್ಣದಲ್ಲಿರುವ ದ್ರಾವಕ ಥರ್ಮಾಕೋಲನ್ನು ಕರಗಿಸಿಬಿಡುತ್ತದೆ, ಗೋಡೆ ಕ್ಷಣದಲ್ಲಿ ತೂತುತೂತಾಗುತ್ತದೆ. ಮೊದಲು ಎರಡು ಪಾಲು ಫೆವಿಕಾಲ್‌ಗೆ ಒಂದು ಪಾಲು ನೀರು ಬೆರೆಸಿ, ಜರಡಿ ಹಿಡಿದ ಉಸುಕು ಸೇರಿಸಿ, ಮೂಲೆಮೂಲೆಗೂ ಬಳಿಯಿರಿ. ರಾತ್ರಿಯಿಡೀ ಒಣಗಿದ ಮೇಲೆ ಬ್ರಶ್ಶಿನಿಂದ ಅಕ್ರಿಲಿಕ್ ಬಣ್ಣ ಹಚ್ಚಿ. ಅಷ್ಟು ಮಾಡಿದರೂ ಸ್ಪ್ರೇ ಡಬ್ಬಿ ಹತ್ತಿರ ತರಬೇಡಿ. ಉಸುಕು ಕೂರದ ಒಂದು ಚುಕ್ಕೆ ಜಾಗ ಸಾಕು.

ನೆಲಕ್ಕೆ ಎರೆಮಣ್ಣು ನಮ್ಮ ಭಾಗದ ದೊಡ್ಡ ಅನುಕೂಲ. ಈ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗಿ ಬಿರಿಯುತ್ತದೆ. ಗೊಂಬೆ ನಿಲ್ಲುವ ಅಡಿತಟ್ಟೆಗೆ (ಬೇಸ್) ಹಚ್ಚಿದರೆ ಚಕ್ಕೆ ಎದ್ದು ಹೋಗುತ್ತದೆ, ಅಲ್ಲಿಗೆ ಬರಿ ಉಸುಕೇ ಸರಿ. ಹಲಗೆಯ ಮೇಲೆ ಮಾತ್ರ ಫೆವಿಕಾಲ್ ಕಲಸಿದ ಎರೆಮಣ್ಣನ್ನು ಮೂರು ಮಿ.ಮೀ. ದಪ್ಪಕ್ಕೆ ಎಳೆದು ಬಿಸಿಲಿಗಿಟ್ಟರೆ ಸಂಜೆಯೊಳಗೆ ಅಸುರರ ನಾಡಿಗೆ ತಕ್ಕ ಬಿರುಕುಗಳು ತಾವಾಗಿಯೇ ಮೂಡುತ್ತವೆ. ಅಂಚು ಎದ್ದ ಕಡೆ ತೆಳು ಫೆವಿಕಾಲ್ ಹನಿಸಿ. ಒಣ ಮರಗಳಿಗೆ ತೊಗರಿ ಕಟ್ಟಿಗೆಯ ತುದಿ ಕೊಂಬೆಗಳನ್ನು ಮೀರಿಸಿದ್ದು ಅಂಗಡಿಯಲ್ಲೂ ಸಿಗದು. ಒಂದು ದಿನ ಚೆನ್ನಾಗಿ ಒಣಗಿಸಿ, ಹುಳ ಹಿಡಿದದ್ದನ್ನು ಎಸೆಯಿರಿ.

ಇಂಥ ಎಂಟರಿಂದ ಹತ್ತು ತುಣುಕು ಬೇಕು. ದೊಡ್ಡವೆರಡು ನಡುವಿಗೆ ಬರಲಿ. ಇಟ್ಟ ಮೇಲೆ ಮಂಡಿಯೂರಿ, ಕಣ್ಣನ್ನು ಹಲಗೆಯ ಮಟ್ಟಕ್ಕೆ ತಂದು ನೋಡಿ. ಈ ಅಂಚಿನಿಂದ ಆ ಅಂಚು ಸಲೀಸಾಗಿ ಕಂಡರೆ, ಬಂದೂಕು ಕಡಿಮೆಯಿರುವ ಅಸುರರು ಬಯಲಲ್ಲೇ ಸಾಯುತ್ತಾರೆ. ಏನೂ ಕಾಣದಿದ್ದರೆ ಅನ್ಯಗ್ರಹದವರ ಗುಂಡು ವ್ಯರ್ಥ.

ಬಣ್ಣಕ್ಕೆ ಹೊತ್ತು ನೋಡಿ

ಏಪ್ರಿಲ್-ಮೇ ಬಿಸಿಲಲ್ಲಿ ಮಧ್ಯಾಹ್ನ ಪ್ರೈಮರ್ ಹೊಡೆದರೆ ಹನಿ ಗಾಳಿಯಲ್ಲೇ ಒಣಗಿ ಗೊಂಬೆಯ ಮೇಲೆ ಪುಡಿಯಾಗಿ ಕೂರುತ್ತದೆ, ಮುಟ್ಟಿದರೆ ಉಪ್ಪುಕಾಗದದಂತೆ ತರಿತರಿ. ಬೆಳಗಿನ ತಂಪಿನಲ್ಲಿ, 20-25 ಸೆಂ.ಮೀ. ದೂರದಿಂದ, ಬೀಸುತ್ತ ಹೊಡೆಯಿರಿ. ಬಣ್ಣ ತಟ್ಟೆಯಲ್ಲಿ ಒಣಗದಿರಲು ಚಪ್ಪಟೆ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಹಾಸಿ, ಮೇಲೆ ಬಟರ್ ಪೇಪರ್ ಇಟ್ಟು ಅದರ ಮೇಲೆ ಬಣ್ಣ ಕಲಸಿ. ಅನ್ಯಗ್ರಹದವರ ಚಿಪ್ಪಿಗೆ ಮಾಟ್ ಕಪ್ಪು ಬಳಿದು, ಅಂಚಿಗೆ ಮಾತ್ರ ಒಣ ಬ್ರಶ್ಶಿನಲ್ಲಿ ಬೆಳ್ಳಿ ಬಣ್ಣ ಸವರಿದರೆ ಬೀದರಿನ ಬಿದ್ರಿ ಪಾತ್ರೆಯ ಮೆರುಗು ಬರುತ್ತದೆ. ಪ್ರತಿ ಬೇಸಿನ ಅಡಿಗೆ ಉಕ್ಕಿನ ವಾಶರ್ ಅಂಟಿಸಿ. ಕೂಲರ್ ಗಾಳಿಗೆ ಗೊಂಬೆ ಉರುಳುವುದಿಲ್ಲ.

ಕದನ

ಉದ್ದದ ಎರಡೂ ಅಂಚಿನಿಂದ 10 ಇಂಚು ತಮ್ಮ ತಮ್ಮ ಸೀಮೆ, ನಡುವೆ 24 ಇಂಚು ಯಾರದ್ದೂ ಅಲ್ಲ. 40 ಮಿ.ಮೀ. ಅಗಲದ ಐದು ಗುರಿಬಿಲ್ಲೆ ಇಡಿ: ನಟ್ಟನಡುವೆ ಒಂದು, ಎಡಬಲಕ್ಕೆ ಒಂದೊಂದು, ಇಬ್ಬರ ಸೀಮೆಯಲ್ಲೂ ಒಂದೊಂದು. ಬಿಲ್ಲೆಯಿಂದ 3 ಇಂಚಿನೊಳಗೆ ಯಾರ ಗೊಂಬೆಗಳ ಹಿಡಿತದ ಅಂಕ (ಪ್ರತಿ ಗೊಂಬೆಗೂ ಆಟ ಕೊಟ್ಟಿರುವ ಅಂಕ) ಕೂಡಿಸಿದಾಗ ಹೆಚ್ಚೋ ಬಿಲ್ಲೆ ಅವರದು. ಎರಡನೇ ಸುತ್ತಿನಿಂದ ತಮ್ಮ ಸರದಿಯ ಮೊದಲ ಹಂತವಾದ ಕಮಾಂಡ್ ಹಂತದ ಕೊನೆಗೆ ಹಿಡಿದ ಬಿಲ್ಲೆಗೆ 5 ಅಂಕ, ಸರದಿಗೆ ಹೆಚ್ಚೆಂದರೆ 15. ಒಟ್ಟು ಐದು ಸುತ್ತು.

ಗುಂಡಿನ ಲೆಕ್ಕ ಒಮ್ಮೆ ಕೈಯಾರೆ ಮಾಡಿ ನೋಡಿ. ಟಿರಾನಿಡ್ ಪಡೆಯ ಹತ್ತು ಟರ್ಮಗಾಂಟ್ ಸೈನಿಕರು ಫ್ಲೆಶ್‌ಬೋರರ್ ಬಂದೂಕಿನಿಂದ ಹೊಡೆದರೆ ಹತ್ತು ದಾಳ. 4 ಅಥವಾ ಮೇಲೆ ಬಿದ್ದರೆ ತಾಗಿತು, ಸರಾಸರಿ ಐದು. ಅಸ್ತ್ರದ ಬಲ 5, ಎದುರಿನವರ ತಾಳಿಕೆ 4 ಆದರೆ 3 ಅಥವಾ ಮೇಲೆ ಬಿದ್ದರೆ ಗಾಯ, ಮೂರು ಚಿಲ್ಲರೆ. ಅಸುರರ ಅಭೇದ್ಯ ಸೇವ್ (ಗಾಯ ತಪ್ಪಿಸಿಕೊಳ್ಳುವ ದಾಳ) 5 ಅಥವಾ ಮೇಲೆ ಎಂದಿಟ್ಟುಕೊಂಡರೆ ಕೊನೆಗೆ ನಾಟುವುದು ಎರಡು ಗಾಯ. ಕವಚ ಸೀಳುವ ಅಸ್ತ್ರ ಎಷ್ಟೇ ಹರಿತವಿದ್ದರೂ ಅಭೇದ್ಯ ಸೇವ್ ಕದಲುವುದಿಲ್ಲ. ಆದ್ದರಿಂದ ಅಸುರರೆದುರು ಒಂದು ದುಬಾರಿ ಫಿರಂಗಿಗಿಂತ ಹಲವು ಅಗ್ಗದ ಬಂದೂಕು ಮೇಲು.

ಅಸುರರ ಬಲವಿರುವುದು ಡೀಪ್ ಸ್ಟ್ರೈಕ್‌ನಲ್ಲಿ: ಶತ್ರುವಿನಿಂದ 9 ಇಂಚಿಗಿಂತ ಆಚೆ ಎಲ್ಲಿ ಬೇಕಾದರೂ ಇಳಿಯಬಹುದು. ಎರಡನೇ ಸುತ್ತಿಗಿಂತ ಮೊದಲು ಇಳಿಯಬಾರದೆಂದು ಮೊದಲೇ ಮಾತಾಡಿಕೊಳ್ಳಿ. ಇಳಿದ ಕೂಡಲೇ ಓಡಿ ಮೈಮೇಲೆ ಬೀಳುವ ದಾಳಿಗೆ ಎರಡು ದಾಳ ಕೂಡಿ 9 ಅಥವಾ ಮೇಲೆ ಬೇಕು; 36ರಲ್ಲಿ 10 ಸಲ ಮಾತ್ರ ಬರುತ್ತದೆ, ಅಂದರೆ ನೂರಕ್ಕೆ 28. ಒಂದು ಕಮಾಂಡ್ ಪಾಯಿಂಟ್ (ಆಟದಲ್ಲಿ ವಿಶೇಷ ಅನುಕೂಲ ಕೊಳ್ಳಲು ಸಿಗುವ ಅಂಕ) ಕೊಟ್ಟು ಮತ್ತೊಮ್ಮೆ ಎಸೆದರೆ 48ರ ಹತ್ತಿರ. ಆ ಪಾಯಿಂಟನ್ನು ಇದಕ್ಕೇ ಉಳಿಸಿಕೊಳ್ಳಿ. ಎದುರಾಳಿ ತನ್ನ ಅಗ್ಗದ ದಂಡನ್ನು ಹರಡಿ ಇಳಿಯುವ ಜಾಗವನ್ನೇ ಮುಚ್ಚಬೇಕು. ಏಳು ಗೊಂಬೆಗಿಂತ ಕಡಿಮೆಯಿಲ್ಲದ ಯೂನಿಟ್‌ನಲ್ಲಿ (ಒಟ್ಟಿಗೆ ನಡೆಯುವ ಗುಂಪು) ಪ್ರತಿ ಗೊಂಬೆಯೂ ಜೊತೆಯ ಇಬ್ಬರಿಗೆ 2 ಇಂಚಿನೊಳಗಿರಬೇಕೆಂಬುದನ್ನು ಮರೆತರೆ ಸಾಲು ಹರಿದುಹೋಗುತ್ತದೆ.

ಟಿರಾನಿಡ್ ಪಡೆಗೆ ಶ್ಯಾಡೋ ಇನ್ ದ ವಾರ್ಪ್ ಎಂಬ ವಿಶೇಷ ಶಕ್ತಿ ಇಡೀ ಆಟಕ್ಕೆ ಒಂದೇ ಸಲ ಸಿಗುತ್ತದೆ. ಮೈದಾನದಲ್ಲಿರುವ ಎಲ್ಲ ಶತ್ರು ಯೂನಿಟ್‌ಗಳೂ ದಾಳ ಎಸೆದು ಧೈರ್ಯದ ಪರೀಕ್ಷೆಗೆ ನಿಲ್ಲಬೇಕು. ಇದನ್ನು ಬಹುಪಾಲು ಜನ ತಮ್ಮ ಸರದಿಯಲ್ಲಿ ಹಾಳು ಮಾಡುತ್ತಾರೆ. ಎದುರಾಳಿಯ ಕಮಾಂಡ್ ಹಂತದಲ್ಲಿ ಬಳಸಿ: ಸೋತ ಯೂನಿಟ್‌ನ ಹಿಡಿತ ಸೊನ್ನೆಯಾಗಿ, ಆ ಹಂತದ ಕೊನೆಗೆ ಸಿಗಬೇಕಿದ್ದ ಅಂಕವೂ ತಪ್ಪುತ್ತದೆ. ಆದರೆ ಅಸುರರು ಶ್ಯಾಡೋ ಆಫ್ ಕೇಯಾಸ್ ಎಂಬ ತಮ್ಮ ಪ್ರಭಾವದ ವಲಯದೊಳಗಿದ್ದರೆ ಪರೀಕ್ಷೆಗೆ ಒಂದು ಅಂಕ ಕೂಡುತ್ತದೆ, ಗೆದ್ದರೆ ಗಾಯವೂ ಮಾಯುತ್ತದೆ. ನಡುವಿನ ಬಿಲ್ಲೆಗಳಲ್ಲಿ ಅರ್ಧವನ್ನು ಅವರು ಹಿಡಿದರೆ ನಡುವಿನ ಜಾಗವೂ ಆ ವಲಯಕ್ಕೆ ಸೇರುತ್ತದೆ, ಹಾಗಾಗಿ ಅದಕ್ಕೆ ಮೊದಲೇ ಬಳಸಿಬಿಡಿ.

ಜಗಳ ಹುಟ್ಟುವುದು ನಿಯಮದಿಂದಲ್ಲ, ಬಾಯಿಬಿಟ್ಟು ಹೇಳದ ಉದ್ದೇಶದಿಂದ. ಗೊಂಬೆ ಇಡುವಾಗಲೇ “ಈ ಯೂನಿಟ್ ಗೋಡಿ ಹಿಂದ ಪೂರಾ ಮರಿಗಿ ಇಡ್ಲಾಕತ್ತೀನಿ, ಅಲ್ಲಿಂದ ನಿನಗ ಕಾಣ್ತದೇನ್ ನೋಡು” ಅಂದುಬಿಟ್ಟರೆ ಅರ್ಧಗಂಟೆಯ ವಾದ ತಪ್ಪುತ್ತದೆ. ಓರೆಯಾಗಿ ನಿಂತ ದಾಳ, ಹಲಗೆಯಿಂದ ಬಿದ್ದ ದಾಳ ಎರಡನ್ನೂ ಮತ್ತೆ ಎಸೆಯುವುದೆಂದು ಆರಂಭದಲ್ಲೇ ಒಪ್ಪಿಕೊಳ್ಳಿ.

ಒಯ್ಯುವಾಗ ಡಬ್ಬಿಯ ತಳಕ್ಕೆ ಮ್ಯಾಗ್ನೆಟ್ ಶೀಟ್ ಅಂಟಿಸಿ. ವಾಶರ್ ಹಿಡಿದು ನಿಲ್ಲುವುದರಿಂದ ಯಾದಗಿರಿಯಿಂದ ಕಲಬುರಗಿಯವರೆಗೆ ಬಸ್ಸಿನಲ್ಲಿ ತಂದರೂ ಕೊಂಬು ಮುರಿಯುವುದಿಲ್ಲ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರ ಡಬ್ಬಿ ಬಿಡಬೇಡಿ. ರೆಸಿನ್ ಕತ್ತಿ, ಬಾಲಗಳು ಬಾಗಿದ್ದರೆ ಬಿಸಿನೀರಲ್ಲಿ ಅದ್ದಿ ನೇರ ಮಾಡಿ, ಕೂಡಲೇ ತಣ್ಣೀರಿಗೆ ಹಾಕಿ.