ಮಾಳಮಡ್ಡಿ ಮಳೆಯಲ್ಲಿ ಲೆದರ್ ಸೋಫಾ ಉಳಿಸಿಕೊಂಡಿದ್ದು

ಲೆದರ್ ಸೋಫಾಕ್ಕೆ ಎಣ್ಣೆ ಬೇಡ, ಸಾಬೂನು ಬೇಡ, ನೀರು ಸುರಿಯೋದಂತೂ ಬೇಡವೇ ಬೇಡ ಅಂದಾಗ ನಮ್ಮ ಮೈದುನ ನಕ್ಕಿದ್ದ. "ವೈನಿ, ನೀರ ಇಲ್ದ ಹೆಂಗ ಸ್ವಚ್ಛ ಮಾಡ್ತೀರಿ?" ಈಗ ಅವನ ಮನೆಯ ಸೋಫಾನೂ ನಾನೇ ನೋಡಿಕೊಳ್ಳುತ್ತೇನೆ.

ನಮ್ಮದು ಕಂದು ಬಣ್ಣದ ತ್ರೀ ಸೀಟರ್, ಅಸಲಿ ಚರ್ಮ, ಮೇಲೆ ಬಣ್ಣದ ಕೋಟಿಂಗ್ ಇರುವಂಥದ್ದು. ಹುಬ್ಬಳ್ಳಿ ವಿದ್ಯಾನಗರದ ಪರಿಚಯದವರು ವರ್ಗವಾಗಿ ಹೋಗುವಾಗ 22-23 ಸಾವಿರಕ್ಕೆ ಕೊಟ್ಟರು. ಧಾರವಾಡ ಮಾಳಮಡ್ಡಿಯ ನಮ್ಮ ಹಳೇ ಮನೆಯಲ್ಲಿ ಜುಲೈ ಬಂತೆಂದರೆ ಗೋಡೆ ಬೆವರುತ್ತದೆ. ಮೊದಲ ಮಳೆಗಾಲಕ್ಕೇ ಹಿಂಭಾಗಕ್ಕೆಲ್ಲ ಬೂಷ್ಟು ಹಿಡೀತು. ತಲೆ ಒರಗುವ ಜಾಗದಲ್ಲಿ ಕೊಬ್ಬರಿ ಎಣ್ಣೆ ಜಿಡ್ಡು ಕಪ್ಪಗೆ ಕೂತಿತ್ತು. ಕ್ಲೀನಿಂಗ್‌ನವರನ್ನು ಕರೆಸಿದೆವು. ಎರಡೂವರೆ ಸಾವಿರ ತಗೊಂಡು, ಬಟ್ಟೆ ಸೋಫಾ ತೊಳೆದ ಹಾಗೆ ಶಾಂಪೂ ಹಾಕಿ, ಬ್ರಷ್‌ನಿಂದ ತಿಕ್ಕಿ, ಮಷಿನ್ ಹಚ್ಚಿ ನೀರು ಎಳೆದರು. ಒಂದು ವಾರ ಮಿಂಚಿತು. ಆಮೇಲೆ ಹೊಲಿಗೆಯ ಪಕ್ಕದಲ್ಲಿ ಚರ್ಮ ಬಿರುಸಾಗಿ ಸಣ್ಣ ಸಣ್ಣ ಬಿರುಕು ಕಂಡವು. ಕುಶನ್ ಕೆಲಸದವರು ಬಂದು ನೋಡಿ, "ಅಕ್ಕಾರ, ಇದು ಉಳಿಯಂಗಿಲ್ರಿ, ರೆಕ್ಸಿನ್ ಹಾಕ್ಸಿಬಿಡ್ರಿ" ಅಂದರು. ಹೇಳಿದ ರೇಟು 28 ಸಾವಿರ. ಸೋಫಾಕ್ಕೆ ಕೊಟ್ಟಿದ್ದಕ್ಕಿಂತ ಜಾಸ್ತಿ!

ಅಲ್ಲಿಂದ ನನ್ನ ಹಟ ಶುರು. ಕಾಲೇಜು ಲ್ಯಾಬಿಗೆ ಸಾಮಾನು ಕೊಡುವ ಅಂಗಡಿಯಿಂದ ಪಿಎಚ್ ಪೇಪರ್ (ಹುಳಿ-ಕ್ಷಾರ ಅಳೆಯುವ ಪಟ್ಟಿ; 7 ನಡುಮಟ್ಟ, ಕಮ್ಮಿಯಾದರೆ ಹುಳಿ, ಜಾಸ್ತಿಯಾದರೆ ಕ್ಷಾರ) ತಂದು ಮನೆಯಲ್ಲಿದ್ದದ್ದೆಲ್ಲ ಅಳೆದೆ. ಚರ್ಮದ ಸ್ವಭಾವ ಹುಳಿ, ಪಿಎಚ್ ಸುಮಾರು 4-5, ಅದಕ್ಕೆ ಕ್ಷಾರ ಆಗಿಬರುವುದಿಲ್ಲ. ಮೈ ಸಾಬೂನು 9ರ ಮೇಲೆ ಹೋಯಿತು, ಅಡುಗೆ ಸೋಡಾ 8 ದಾಟಿತು. ಉಣ್ಣೆ ಬಟ್ಟೆ ತೊಳೆಯುವ ಲಿಕ್ವಿಡ್ ಮಾತ್ರ 7ರ ಆಸುಪಾಸು ನಿಂತಿತು. ಅದೇ ಗಟ್ಟಿ ಮಾಡಿದೆ.

ನೀರಿನದೂ ಒಂದು ತಕರಾರಿತ್ತು. ನಲ್ಲಿ ಬರದ ದಿನ ನಮಗೆ ಬೋರಿನ ಗಡಸು ನೀರೇ ಗತಿ, ಒರೆಸಿದ ಕಡೆ ಬಿಳಿ ಕಲೆ ಬಿಡುತ್ತದೆ. ಅದಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದೆ, ಲೀಟರಿಗೆ 20-25 ರೂಪಾಯಿ. ಒಂದು ತಂಬಿಗೆ ನೀರಿಗೆ ಸಣ್ಣ ಚಮಚ ಲಿಕ್ವಿಡ್ ಹಾಕಿ, ಮಜ್ಜಿಗೆ ಕಡಿಯುವ ಸಣ್ಣ ಕಡಗೋಲಿನಿಂದ ಕಡೆಯಬೇಕು. ನೊರೆ ಮೇಲೆ ಬರುತ್ತದೆ. ಸ್ಪಂಜಿಗೆ ನೊರೆ ಮಾತ್ರ ಎತ್ತಿಕೊಳ್ಳಬೇಕು, ಕೆಳಗಿನ ನೀರು ಸ್ಪಂಜಿಗೆ ತಾಗಬಾರದು. ಒಂದು ಅಡಿ ಚೌಕ ಅಷ್ಟೇ, ಗೋಲಾಕಾರವಾಗಿ, ಕೈಭಾರ ಹಾಕದೆ. ನೊರೆ ಬೂದಿ ಬಣ್ಣಕ್ಕೆ ತಿರುಗಿದ ಕೂಡಲೇ ಒಣ ಮೈಕ್ರೋಫೈಬರ್‌ನಿಂದ ಎತ್ತಿ, ಹಿಂಡಿದ ಒದ್ದೆ ಬಟ್ಟೆಯಿಂದ ಒಮ್ಮೆ, ಮತ್ತೆ ಒಣದರಿಂದ ಒಮ್ಮೆ ಒರೆಸಿ ಮುಂದಿನ ಚೌಕಕ್ಕೆ ಹೋಗಬೇಕು. ಹೊಲಿಗೆಗೆ ಮೆತ್ತನೆ ಹಲ್ಲುಜ್ಜೋ ಬ್ರಷ್. ಅವಸರದವರಿಗೆ ಇದು ಆಗಿಬರುವುದಿಲ್ಲ. ತ್ರೀ ಸೀಟರಿಗೆ ನನಗೆ ಬೆಳಗಿನಿಂದ ಮಧ್ಯಾಹ್ನದ ಊಟದ ತನಕ ಹಿಡಿಯುತ್ತದೆ.

ಬೂಷ್ಟಿದ್ದರೆ ಮೊದಲು ಅದರ ಕೆಲಸ. ಸೋಫಾ ಹೊರಗೆ ಕಟ್ಟೆಗೆ ಒಯ್ದು, ನೆರಳಿನಲ್ಲೇ, ಮಾಸ್ಕ್ ಹಾಕಿಕೊಂಡು ಒಣ ಬಟ್ಟೆಯಿಂದ ಎತ್ತಬೇಕು. ಒಳಗೆ ಕೊಡವಿದರೆ ಅದರ ಬೀಜ ಮನೆತುಂಬ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಎಂಬ ಸ್ಪಿರಿಟ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಗೆ ತಾಗಿಸಿ ಒಂದೇ ಸಲ ಎಳೆಯಬೇಕು. ತಿಕ್ಕಿದರೆ ಬಣ್ಣ ಏಳುತ್ತದೆ, ಹಿಂಬದಿ ಕಾಣದ ಜಾಗದಲ್ಲಿ ಪರೀಕ್ಷೆ ಮಾಡಿಯೇ ಮುಂದುವರಿಯಿರಿ.

ಎಣ್ಣೆ ವಿಷಯಕ್ಕೆ ಅತ್ತೆಯವರದು ಖಡಾಖಂಡಿತ ಮಾತು: "ಚಪ್ಪಲಿಗೆ ಎಣ್ಣಿ ಹಚ್ಚತೀವಲ್ಲ, ಸೋಫಾಕ್ಕ ಯಾಕ ಬ್ಯಾಡ?" ಸರಿ, ಪ್ರಯೋಗ ಮಾಡೋಣ ಅಂತ ಕೊಲ್ಹಾಪುರಿ ಚಪ್ಪಲಿಗೂ, ಸೋಫಾದ ಅಡಿಯಲ್ಲಿ ಮಡಚಿದ್ದ ಚರ್ಮದ ತುಂಡಿಗೂ ಹರಳೆಣ್ಣೆ ಹಚ್ಚಿಟ್ಟೆ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಚಪ್ಪಲಿ ಮೇಲೆ ಕೋಟಿಂಗ್ ಇರುವುದಿಲ್ಲ. ರಾತ್ರಿ ಕಳೆಯುವಷ್ಟರಲ್ಲಿ ಎಣ್ಣೆ ಪೂರಾ ಕುಡಿದು ಮೆತ್ತಗಾಗಿತ್ತು. ಸೋಫಾ ತುಂಡಿನ ಮೇಲೆ ಎಣ್ಣೆ ಹಾಗೇ ನಿಂತು, ಧೂಳು ಹಿಡಿದು, ತಿಂಗಳೊಪ್ಪತ್ತಿಗೆ ಅಂಟಂಟಾಗಿ ನಾತ ಹೊಡೆಯಿತು. ಎರಡನ್ನೂ ಅತ್ತೆಯವರ ಮುಂದಿಟ್ಟೆ. ಅಲ್ಲಿಗೆ ಆ ವಾದ ಮುಗಿಯಿತು.

ಲ್ಯಾನೊಲಿನ್, ಅಂದರೆ ಕುರಿ ಉಣ್ಣೆಯ ಮೇಣ, ಜೇನುಮೇಣದ ಜೊತೆ ಕರಗಿಸಿ ಸ್ವಂತ ಕ್ರೀಮ್ ಮಾಡಲಿಕ್ಕೂ ಹೋದೆ. ಚಳಿಗಾಲಕ್ಕೆ ಚೆನ್ನಾಗಿತ್ತು. ಏಪ್ರಿಲ್ ಬಿಸಿಲಿಗೆ ಕೂತವರ ಅಂಗಿಗೆ ಅಂಟಿತು. ಆರೇಳು ನೂರು ದಂಡ. ಈಗ ನೀರಿನ ಬೇಸ್ ಇರುವ ಲೆದರ್ ಕಂಡಿಷನರ್ (ಚರ್ಮ ಮೆತ್ತಗಿಡುವ ಕ್ರೀಮ್), ಕಡಲೆಕಾಳಿನಷ್ಟು ತಗೊಂಡು ತೆಳ್ಳಗೆ, ವರ್ಷಕ್ಕೆರಡು ಸಲ: ಮಳೆಗೆ ಮುಂಚೆ, ದೀಪಾವಳಿ ನಂತರ.

ತಲೆಜಿಡ್ಡು ಎಲ್ಲಕ್ಕಿಂತ ಕಷ್ಟದ್ದು. ಕಾರ್ನ್‌ಫ್ಲೋರ್ ಉದುರಿಸಿ ರಾತ್ರಿಯಿಡೀ ಬಿಡುವುದು ನಿಮಗೂ ಗೊತ್ತು, ಅದು ಮೇಲಿನ ಜಿಡ್ಡನ್ನಷ್ಟೇ ಎಳೆಯುತ್ತದೆ. ನಾನು ಹಿಟ್ಟಿಗೆ ಇನ್ನೊಂದು ಪುಡಿ ಬೆರೆಸಿ, ಹೇರ್ ಡ್ರೈಯರ್‌ನಿಂದ ಹದವಾಗಿ ಬೆಚ್ಚಗೆ ಮಾಡುತ್ತೇನೆ. ಆ ಪುಡಿ ಯಾವುದು, ಎಷ್ಟು ಅನ್ನೋದು ನನ್ನ ಹತ್ತಿರವೇ ಇರಲಿ. ಮೂರ್ನಾಲ್ಕು ಸರ್ತಿಗೆ ಕಪ್ಪು ಮುಕ್ಕಾಲು ಪಾಲು ಇಳಿಯಿತು, ಅಷ್ಟು ಇಳಿಸಿದವರನ್ನು ಧಾರವಾಡದಲ್ಲಿ ನಾನಂತೂ ಕಂಡಿಲ್ಲ.

ಬೂಷ್ಟು ಮತ್ತೆ ಬರದಂತೆ ತಡೆದಿದ್ದು ಬೇವಿನ ಸೊಪ್ಪೂ ಅಲ್ಲ, ಕರ್ಪೂರವೂ ಅಲ್ಲ, ಗಾಳಿ. ಸೋಫಾ ಗೋಡೆಯಿಂದ ಒಂದು ಗೇಣು ಮುಂದೆ ಎಳೆದು, ಹಿಂದೆ ಟೇಬಲ್ ಫ್ಯಾನ್ ಇಟ್ಟೆ. ಗಾಳಿಯ ತೇವ ಅಳೆಯುವ ನಾಲ್ಕು ನೂರು ರೂಪಾಯಿಯ ಮೀಟರ್ ಶೇ. 70 ದಾಟಿದರೆ ಫ್ಯಾನ್ ಹಾಕೋದು, ಅಷ್ಟೇ. ಪ್ಲಾಸ್ಟಿಕ್ ಹೊದಿಸುವವರು ಮೊದಲು ಅದನ್ನು ತೆಗೆಯಿರಿ, ಒಳಗೆ ತೇವ ಕೂತು ಬೂಷ್ಟಿಗೆ ಮನೆ ಆಗುತ್ತದೆ.

ಮೀಟರ್, ಕ್ರೀಮ್, ಬಟ್ಟೆ, ನೀರು ಎಲ್ಲ ಸೇರಿ ಹದಿನೈದು ನೂರರ ಒಳಗೆ ಮುಗಿಯಿತು. ಹಳೇ ಬಿರುಕು ಮಾಯವಾಗಿಲ್ಲ, ಆದರೆ ಮುಂದಕ್ಕೂ ಹೋಗಿಲ್ಲ. ಈಗ ಕೇಶ್ವಾಪುರದ ನೆಂಟರೊಬ್ಬರು ಸಿಪ್ಪೆ ಸುಲಿಯುತ್ತಿರುವ ಸೋಫಾ ಉಳಿಸಿಕೊಡು ಅಂತ ಗಂಟು ಬಿದ್ದಿದ್ದಾರೆ. ಹರಿದ ಅಂಚಿನಲ್ಲಿ ನೋಡಿದೆ, ನಾರಿನ ಬದಲು ಬಟ್ಟೆ ಕಂಡಿತು. ಅದು ಪಿಯು ರೆಕ್ಸಿನ್, ಅಂದರೆ ಬಟ್ಟೆ ಮೇಲೆ ಪ್ಲಾಸ್ಟಿಕ್ ಪದರ ಹಚ್ಚಿದ ನಕಲಿ ಚರ್ಮ, ತೇವಕ್ಕೆ ಅದರ ಪದರವೇ ಒಡೆದು ಹೋಗಿರುತ್ತದೆ. ಅದಕ್ಕೆ ಕುಶನ್‌ನವರೇ ಸರಿ ಅಂತ ಹೇಳಿ ಕಳಿಸಿದೆ.